ಐದು ವ್ಯಾಟಿನ ಕಾವಲು

ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ, ಮನೆಯ ಫೈರ್‌ವಾಲ್ ಮಾಡಿಕೊಳ್ಳಿ ಎಂಬುದು 1990ರ ದಶಕದ ಕೊನೆಗೆ ಲಿನಕ್ಸ್ ಬಲ್ಲವರೆಲ್ಲ ಕೊಡುತ್ತಿದ್ದ ಬಿಟ್ಟಿ ಸಲಹೆ. ಡೇವ್ ಸಿನೆಜ್ ಕಟ್ಟಿದ ‘ಲಿನಕ್ಸ್ ರೂಟರ್ ಪ್ರಾಜೆಕ್ಟ್’ ಒಂದೇ ಒಂದು 1.44 ಎಂಬಿ ಫ್ಲಾಪಿಯಲ್ಲಿ ಹಿಡಿಸುತ್ತಿತ್ತು. ಅಟ್ಟದ ಮೇಲಿನ 486 ಕಂಪ್ಯೂಟರನ್ನು ಇಳಿಸಿ, ಎರಡು ನೆಟ್‌ವರ್ಕ್ ಕಾರ್ಡ್ ಸಿಗಿಸಿ, ಫ್ಲಾಪಿ ತುರುಕಿದರೆ ರೂಟರ್ ತಯಾರು. ಒಮ್ಮೆ ಬೂಟ್ ಆದರೆ ಎಲ್ಲವೂ ರ‍್ಯಾಮ್‌ನಲ್ಲಿ. ಫ್ಲಾಪಿ ತೆಗೆದು ಜೇಬಿಗೆ ಹಾಕಿಕೊಂಡರೂ ಕೆಲಸ ನಿಲ್ಲುತ್ತಿರಲಿಲ್ಲ. ಹೊರಗಿನವನು ನುಗ್ಗಿ ಏನೇ ಕೆಡಿಸಲಿ, ಸ್ವಿಚ್ ಆರಿಸಿ ಹಾಕಿದರೆ ಎಲ್ಲ ಮೊದಲಿನಂತೆ.

ಪುಕ್ಕಟೆ ಪೆಟ್ಟಿಗೆ ನಿಜವಾಗಿ ಪುಕ್ಕಟೆಯಲ್ಲ ಎಂದು ಗೊತ್ತಾಗಿದ್ದು ಕರೆಂಟ್ ಬಿಲ್ ನೋಡಿದ ಮೇಲೆ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಹತ್ತಿರ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. 2005ರ ಜನವರಿಯಲ್ಲಿ ಬಿಎಸ್ಸೆನ್ನೆಲ್ ‘ಡೇಟಾಒನ್’ ಶುರು ಮಾಡಿತು. 256 ಕೆಬಿಪಿಎಸ್ ಅಂದರೆ ಆಗ ಅರಮನೆಯ ಊಟ. ಆಮೇಲೆ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಬೇಕಾದರೂ ಇಳಿಸಿಕೊಳ್ಳಿ ಎಂಬ ಪ್ಲಾನ್ ಬಂತು. ಊರೆಲ್ಲ ಮಲಗಿದಾಗ ಡೌನ್‌ಲೋಡ್ ಎದ್ದು ಕೂರುತ್ತಿತ್ತು. ಅದರ ಜೊತೆ ರೂಟರ್ ಪೆಟ್ಟಿಗೆಯೂ ಎಚ್ಚರವಿರಬೇಕು. 60 ವ್ಯಾಟ್ ಎಳೆಯುವ ಹಳೇ ಪೆಂಟಿಯಂ ದಿನಪೂರ್ತಿ ಓಡಿದರೆ ತಿಂಗಳಿಗೆ 43 ಯೂನಿಟ್. ಐದು ವ್ಯಾಟಿನ ಬೋರ್ಡಾದರೆ ನಾಲ್ಕು ಯೂನಿಟ್ಟೂ ಇಲ್ಲ. ಕರೆಂಟ್ ಹೋಗಿ ಇನ್‌ವರ್ಟರ್ ಮೇಲೆ ಬಿದ್ದಾಗಲಂತೂ ಆ ಪೆಂಟಿಯಂ ಬ್ಯಾಟರಿಯನ್ನು ಹೀರಿಬಿಡುತ್ತಿತ್ತು. ಫ್ಯಾನ್ ಬೇಕೋ ಇಂಟರ್ನೆಟ್ ಬೇಕೋ ಎಂದು ಮನೆಯಲ್ಲಿ ಪಂಚಾಯಿತಿ.

ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಸೋಕ್ರಿಸ್ ಎಂಜಿನಿಯರಿಂಗ್ ಇದಕ್ಕೊಂದು ದಾರಿ ಮಾಡಿಟ್ಟಿತ್ತು. ಸೋರೆನ್ ಕ್ರಿಸ್ಟೆನ್ಸನ್ ಎಂಬಾತನ ಪುಟ್ಟ ಕಂಪನಿ. ಅವರ ‘ನೆಟ್4501’ ಹಸಿರು ತಗಡಿನ ಪೆಟ್ಟಿಗೆ. ಒಳಗೆ 486 ವಂಶದ್ದೇ ಆದ ಎಎಂಡಿ ಈಲಾನ್ ಚಿಪ್, 133 ಮೆಗಾಹರ್ಟ್ಜ್. ಮೂರು ಈಥರ್ನೆಟ್ ಕಿಂಡಿ, ಹಾರ್ಡ್ ಡಿಸ್ಕಿನ ಬದಲು ಕ್ಯಾಮೆರಾಕ್ಕೆ ಹಾಕುವ ಸಿಎಫ್ ಕಾರ್ಡ್. ಫ್ಯಾನ್ ಇಲ್ಲ, ತಿರುಗುವ ಭಾಗ ಒಂದೂ ಇಲ್ಲ. ಆ ಈಲಾನ್ ಚಿಪ್ಪಿನ ಟೈಮರ್ ಎಷ್ಟು ಚೊಕ್ಕವಾಗಿತ್ತೆಂದರೆ ಫ್ರೀಬಿಎಸ್‌ಡಿಯ ಪೌಲ್-ಹೆನ್ನಿಂಗ್ ಕ್ಯಾಂಪ್ ಇದೇ ಬೋರ್ಡನ್ನು ನಿಖರ ಸಮಯ ಹೇಳುವ ಸರ್ವರ್ ಮಾಡಿಕೊಂಡಿದ್ದರು.

ಇಂಥದ್ದೊಂದು ಪುಟ್ಟ ಬೋರ್ಡನ್ನು ಪ್ರತಿ ಸಲ ಕಮಾಂಡ್ ಹೊಡೆದು ಪಳಗಿಸುವುದು ಸ್ವಿಟ್ಜರ್ಲೆಂಡಿನ ಮ್ಯಾನುಯೆಲ್ ಕ್ಯಾಸ್ಪರ್‌ಗೆ ಸಾಕಾಗಿ ಹೋಯಿತು. ಬ್ರೌಸರಿನಿಂದಲೇ ನಡೆಸುವ ‘ಮೋನೋವಾಲ್’ ಎಂಬ ಫೈರ್‌ವಾಲ್ ತಂತ್ರಾಂಶ ಬರೆದು 2003ರ ಫೆಬ್ರವರಿಯಲ್ಲಿ ಹೊರಬಿಟ್ಟ. ಇಡೀ ವ್ಯವಸ್ಥೆ 16 ಎಂಬಿ ಕಾರ್ಡಿನಲ್ಲಿ ಕೂರುತ್ತಿತ್ತು, ಸೆಟ್ಟಿಂಗ್‌ಗಳೆಲ್ಲ ಒಂದೇ ಎಕ್ಸ್‌ಎಂಎಲ್ ಕಡತದಲ್ಲಿ. ಇದರಿಂದ ಕವಲೊಡೆದದ್ದೇ 2004ರಲ್ಲಿ ಹುಟ್ಟಿದ ಪಿಎಫ್‌ಸೆನ್ಸ್. ಅದೇ ಹೊತ್ತಿಗೆ ಲಿಂಕ್‌ಸಿಸ್‌ನ ನೀಲಿ-ಕಪ್ಪು ‘ಡಬ್ಲ್ಯುಆರ್‌ಟಿ54ಜಿ’ಯ ತಂತ್ರಾಂಶದ ಮೂಲವನ್ನು ಕಂಪನಿ ಬಯಲಿಗಿಡಬೇಕಾಗಿ ಬಂದು, ಅದರಿಂದ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಅದು ಅಗ್ಗ, ವೈಫೈ ಬೇರೆ. ಹೆಚ್ಚಿನ ಜನ ಹೋದದ್ದು ಆ ಕಡೆಗೇ. ನನಗೆ ಹಿಡಿಸಿದ್ದು ಮಾತ್ರ ಬೆತ್ತಲೆ ಬೋರ್ಡುಗಳು.

ನನ್ನ ಕೈಗೆ ಬಂದದ್ದು ಆಲಿಕ್ಸ್. ಜ್ಯೂರಿಚ್ ಪಕ್ಕದ ಗ್ಲಾಟ್‌ಬ್ರುಗ್‌ನಲ್ಲಿ ಪಾಸ್ಕಲ್ ಡೋರ್ನಿಯರ್ ನಡೆಸುತ್ತಿದ್ದ ಪಿಸಿ ಎಂಜಿನ್ಸ್ ಕಂಪನಿಯದು. ಅಲ್ಲಿಗೆ ಕೆಲಸಕ್ಕೆ ಹೋಗಿದ್ದ ಸೋದರಳಿಯ ಚಾಕೊಲೇಟ್ ಪೊಟ್ಟಣಗಳ ನಡುವೆ ಇಟ್ಟು ತಂದ. ಎಎಂಡಿ ಜಿಯೋಡ್, 500 ಮೆಗಾಹರ್ಟ್ಜ್, 256 ಎಂಬಿ ರ‍್ಯಾಮ್. ಮಾನಿಟರ್ ಕಿಂಡಿಯೇ ಇಲ್ಲ. ಅದರ ಜೊತೆ ಮಾತಾಡಬೇಕಾದರೆ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ ಬೇಕು, ವೇಗ ಸರಿ ಹೊಂದಬೇಕು: ಸೋಕ್ರಿಸ್ ಆದರೆ 19,200, ಆಲಿಕ್ಸ್ ಆದರೆ 38,400. ತಪ್ಪಿದರೆ ಪರದೆ ತುಂಬ ಕಸ. ಅಂಗಡಿಗೆ ಬಂದವರು ಆ ಕಸ ನೋಡಿ ಬೋರ್ಡು ಸುಟ್ಟಿದೆ ಎಂದೇ ತಿಳಿಯುತ್ತಿದ್ದರು.

ಆಲಿಕ್ಸ್‌ನ ಅಸಲಿ ಗುಣ ಅದರ ಕರೆಂಟ್ ಕಿಂಡಿಯಲ್ಲಿತ್ತು. ಏಳರಿಂದ ಇಪ್ಪತ್ತು ವೋಲ್ಟ್‌ವರೆಗೆ ಏನು ಕೊಟ್ಟರೂ ಉಣ್ಣುತ್ತಿತ್ತು. ಹಾಗಾಗಿ ಇನ್‌ವರ್ಟರಿನ 12 ವೋಲ್ಟ್ ಬ್ಯಾಟರಿಯಿಂದಲೇ, ನಡುವೆ ಒಂದು ಫ್ಯೂಸ್ ಹಾಕಿ, ನೇರ ತಂತಿ ಎಳೆದೆ. ಚಾರ್ಜ್ ಆಗುವಾಗ ಬ್ಯಾಟರಿ ಹದಿನಾಲ್ಕರ ಮೇಲೆ ಹೋದರೂ ಬೋರ್ಡಿಗೆ ಚಿಂತೆಯಿಲ್ಲ. ಬ್ಯಾಟರಿಯ ಕರೆಂಟನ್ನು 230 ವೋಲ್ಟಿಗೆ ಏರಿಸಿ, ಅಡಾಪ್ಟರಿನಲ್ಲಿ ಮತ್ತೆ ಇಳಿಸುವ ದಂಡದ ಖರ್ಚು ತಪ್ಪಿತು. ಇದೇ ಕಂಪನಿಯ ಮುಂದಿನ ಬೋರ್ಡು ಎಪಿಯು. ಅದು ಏರಿಳಿತವಿಲ್ಲದ 12 ವೋಲ್ಟನ್ನೇ ಕೇಳುತ್ತಿತ್ತು, ಹಾಗಾಗಿ ನೇರ ಬ್ಯಾಟರಿಯ ಈ ಉಪಾಯ ನಡೆಯಲಿಲ್ಲ. ಆದರೆ ಎಪಿಯು ಜೋಡಿಸುವುದು ಒಂದು ಸುಖ. ಚಿಪ್ಪಿನ ಮೇಲೆ ಮೆತ್ತನೆಯ ಥರ್ಮಲ್ ಪ್ಯಾಡ್, ಅದಕ್ಕೊಂದು ಅಲ್ಯೂಮಿನಿಯಂ ಪಟ್ಟಿ, ಪಟ್ಟಿಯನ್ನು ಡಬ್ಬಿಯ ತಳಕ್ಕೆ ಅಂಟಿಸಬೇಕು. ಇಡೀ ಡಬ್ಬಿಯೇ ಹೀಟ್‌ಸಿಂಕ್. ಮೇ ತಿಂಗಳ ಹುಬ್ಬಳ್ಳಿಯಲ್ಲೂ ಮುಟ್ಟಿದರೆ ಬೆಚ್ಚಗೆ, ಅಷ್ಟೇ.

ಈ ಬೋರ್ಡುಗಳು ಸವೆದು ಸತ್ತದ್ದನ್ನು ನಾನು ಕಂಡಿಲ್ಲ. ಅವನ್ನು ಮನೆಗೆ ಕಳಿಸಿದ್ದು ತಂತ್ರಾಂಶ. ಮೋನೋವಾಲನ್ನು ಕ್ಯಾಸ್ಪರ್ 2015ರ ಫೆಬ್ರವರಿಯಲ್ಲಿ ತಾನೇ ಮುಗಿಸಿ, ಓಪಿಎನ್‌ಸೆನ್ಸ್ ಎಂಬ ಫೈರ್‌ವಾಲ್‌ಗೆ ಹೋಗಿ ಎಂದ. 2017ರ ಅಕ್ಟೋಬರಿನ ಪಿಎಫ್‌ಸೆನ್ಸ್ 2.4 ಆವೃತ್ತಿ 32 ಬಿಟ್ ಚಿಪ್ಪುಗಳಿಗೆ ಬಾಗಿಲು ಹಾಕಿತು; ಆಲಿಕ್ಸ್‌ಗಳೆಲ್ಲ ಒಂದೇ ದಿನ ಮುದಿಯಾದವು. ಅದೇ ವರ್ಷ ಪಿಎಫ್‌ಸೆನ್ಸ್‌ನವರು, ಮುಂದಿನ ಆವೃತ್ತಿಗೆ ಗೂಢಲಿಪಿಗೆ ನೆರವಾಗುವ ಎಇಎಸ್-ಎನ್‌ಐ ಸೌಲಭ್ಯ ಇರುವ ಚಿಪ್ಪೇ ಬೇಕು ಎಂದೂ ಸಾರಿದರು. ಅದಿಲ್ಲದ ಅಗ್ಗದ ಜೆ1900 ಚಿಪ್ಪಿನ ಪೆಟ್ಟಿಗೆ ಕೊಂಡವರು ಕಂಗಾಲು. ಎರಡು ವರ್ಷದ ಮೇಲೆ ಆ ಷರತ್ತನ್ನು ವಾಪಸ್ ತೆಗೆದುಕೊಂಡರೆನ್ನಿ. ಯಂತ್ರವೇ ಕೈಕೊಟ್ಟ ಕಥೆಯೂ ಒಂದುಂಟು. ಇಂಟೆಲ್‌ನ ಆಟಮ್ ಸಿ2000 ಚಿಪ್ಪಿನ ಕ್ಲಾಕ್ ಭಾಗದಲ್ಲಿ ದೋಷವಿತ್ತು. ಒಂದೆರಡು ವರ್ಷ ಚೆನ್ನಾಗಿ ಓಡಿದ ಪೆಟ್ಟಿಗೆ ಒಮ್ಮೆ ಆರಿಸಿದರೆ ಮತ್ತೆ ಏಳುತ್ತಿರಲಿಲ್ಲ. 2017ರಲ್ಲಿ ಅದು ಬಯಲಾದಾಗ ಎಷ್ಟೋ ಫೈರ್‌ವಾಲ್‌ಗಳ ಒಳಗೆ ಅದೇ ಚಿಪ್ಪು ಕೂತಿತ್ತು.

ಪಿಸಿ ಎಂಜಿನ್ಸ್ 2023ರಲ್ಲಿ ಎಪಿಯುಗೆ ವಿದಾಯ ಹೇಳಿತು. ಈಗ ಗ್ರಾಹಕರು ಕೇಳುವುದು ಎನ್100 ಚಿಪ್ಪಿನ ಪೆಟ್ಟಿಗೆ: 2.5 ಗಿಗಾಬಿಟ್ಟಿನ ನಾಲ್ಕು ಕಿಂಡಿ, ಸುಮ್ಮನಿದ್ದಾಗ ಹತ್ತು ವ್ಯಾಟಿನ ಆಸುಪಾಸು, ಫೈಬರ್ ಲೈನನ್ನು ಆರಾಮಾಗಿ ಹೊರುತ್ತದೆ. ವ್ಯಾಟಿನ ಜಗಳ ಮುಗಿಯಿತು. ನನಗಿರುವ ತಕರಾರು ಬೇರೆ. ಎಪಿಯು ಬೋರ್ಡಿನ ಸರ್ಕಿಟ್ ನಕ್ಷೆಯನ್ನು ತಯಾರಕರೇ ಪ್ರಕಟಿಸಿದ್ದರು. ಅದನ್ನು ಎಬ್ಬಿಸುವ ಕೋರ್‌ಬೂಟ್ ಎಲ್ಲರೂ ಓದಬಹುದಾದ ತಂತ್ರಾಂಶ. ಕೆಟ್ಟರೆ ನಕ್ಷೆ ಹರಡಿಕೊಂಡು ಮೀಟರ್ ಹಿಡಿದು ಕೂರುತ್ತಿದ್ದೆ. ಈಗ ನನ್ನ ಅಂಗಡಿಗೆ ಬರುವ ಹೆಸರಿಲ್ಲದ ಪೆಟ್ಟಿಗೆಗಳ ಬಯೋಸ್ ಯಾರು ಬರೆದರು, ಅದರಲ್ಲೊಂದು ತೂತು ಸಿಕ್ಕರೆ ತೇಪೆ ಯಾರು ಕೊಡುತ್ತಾರೆ, ಹೇಳುವವರಿಲ್ಲ. ಆದ್ದರಿಂದ ಗ್ರಾಹಕರು ಎಷ್ಟು ವ್ಯಾಟ್ ಎಂದು ಕೇಳಿದರೆ, ಹಿಂದಿನ ಬಯೋಸ್ ಅಪ್‌ಡೇಟ್ ಯಾವಾಗ ಬಂದಿತ್ತು ನೋಡಿಕೊಂಡು ಬನ್ನಿ, ಆಮೇಲೆ ರೇಟು ಮಾತಾಡೋಣ ಎನ್ನುತ್ತೇನೆ. ಅರ್ಧ ಜನ ತಿರುಗಿ ಬರುವುದಿಲ್ಲ.