ಪ್ರತಿಭೆ: ಮನಶ್ಶಾಸ್ತ್ರೀಯ ಅಧ್ಯಯನದ ಇತಿಹಾಸ

ಓರಗೆಯವರಿಗೆ ನಿಲುಕದ ಎತ್ತರಕ್ಕೆ ಕೆಲವರನ್ನು ಒಯ್ಯುವ ಸಾಮರ್ಥ್ಯಕ್ಕೆ ಪ್ರತಿಭೆಯೆಂದು ಹೆಸರು. ಅದು ಹುಟ್ಟಿನಿಂದ ಬಂದದ್ದೋ ಸಾಧನೆಯಿಂದ ಕೂಡಿಬಂದದ್ದೋ, ಎಳವೆಯಲ್ಲೇ ಅದನ್ನು ಗುರುತಿಸಲು ಸಾಧ್ಯವೋ, ಗುರುತಿಸಿದ ಮೇಲೆ ಬೆಳೆಸುವುದು ಹೇಗೆ ಎಂಬವು ಹಳೆಯ ಪ್ರಶ್ನೆಗಳು. ಅಳತೆ, ಅಂಕಿಅಂಶ, ಪ್ರಯೋಗಗಳ ಮೂಲಕ ಅವಕ್ಕೆ ಉತ್ತರ ಹುಡುಕುವ ಕೆಲಸ 19ನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನಲ್ಲಿ ಆರಂಭವಾಯಿತು. ಅಲ್ಲಿಂದೀಚೆಗೆ ಸಿದ್ಧಾಂತಗಳು ಹಲವು ಬಂದುಹೋಗಿವೆ. ಉದ್ದಕ್ಕೂ ಕಾಣುವ ಸಂಗತಿ ಮಾತ್ರ ಒಂದೇ: ಸಂಶೋಧಕರು ಎಲ್ಲಿ ಹುಡುಕಿದರೋ ಅಲ್ಲಿ ಪ್ರತಿಭೆ ಸಿಕ್ಕಿತು, ಹುಡುಕದ ಕಡೆ ಅದು ಇಲ್ಲವೆಂದೇ ಎಣಿಸಲಾಯಿತು.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಈ ಚರ್ಚೆ ಬಹಳ ಹಿಂದೆಯೇ ನಡೆದಿತ್ತು. ಕವಿಯಾಗಲು ಸಹಜ ಪ್ರತಿಭೆ, ಪಾಂಡಿತ್ಯ, ಬಿಡದ ಪರಿಶ್ರಮ ಮೂರೂ ಬೇಕೆಂದು ‘ಕಾವ್ಯಾದರ್ಶ’ದಲ್ಲಿ ದಂಡಿ ಹೇಳಿದ. ಸಹಜ ಪ್ರತಿಭೆಯಿಲ್ಲದವನೂ ಓದು, ಪರಿಶ್ರಮಗಳಿಂದ ಸರಸ್ವತಿಯ ಕೃಪೆಗೆ ಒಂದಿಷ್ಟು ಪಾತ್ರನಾಗಬಹುದು ಎಂಬ ಆಶ್ವಾಸನೆಯನ್ನೂ ಕೊಟ್ಟ. 11ನೆಯ ಶತಮಾನದ ಮಮ್ಮಟ ತನ್ನ ‘ಕಾವ್ಯಪ್ರಕಾಶ’ದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೆಸರಿಸಿ, ಅವು ಬಿಡಿಬಿಡಿ ಕಾರಣಗಳಾಗಿರದೆ ಮೂರೂ ಸೇರಿ ಒಂದೇ ಕಾರಣವೆಂದ. ಇದು ಕಾವ್ಯಕ್ಕೆ ಸೀಮಿತವಾದ ಚಿಂತನೆಯಾದರೂ, ಪಶ್ಚಿಮದ ಮನಶ್ಶಾಸ್ತ್ರ ಹುಟ್ಟು ಮತ್ತು ಅಭ್ಯಾಸಗಳನ್ನು ಎದುರಾಳಿಗಳನ್ನಾಗಿ ನಿಲ್ಲಿಸಿ ಕಳೆದ ವರ್ಷಗಳನ್ನು ನೆನೆದರೆ, ಮಮ್ಮಟನ ನಿಲುವು ಹೆಚ್ಚು ಪಕ್ವವಾದುದೆನ್ನಬೇಕು.

ಆಧುನಿಕ ಅಧ್ಯಯನದ ಮೊದಲ ಮುಖ್ಯ ಗ್ರಂಥ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1869ರಲ್ಲಿ ಪ್ರಕಟಿಸಿದ ‘ಹೆರಿಡಿಟರಿ ಜೀನಿಯಸ್’. ಚಾರ್ಲ್ಸ್ ಡಾರ್ವಿನನ ಬಂಧುವಾಗಿದ್ದ ಗಾಲ್ಟನ್ ನ್ಯಾಯಾಧೀಶರು, ಸೇನಾನಿಗಳು, ವಿಜ್ಞಾನಿಗಳು, ಕವಿಗಳ ವಂಶಾವಳಿಗಳನ್ನು ಜಾಲಾಡಿದ. 1660ರಿಂದ 1865ರವರೆಗಿನ ಇಂಗ್ಲೆಂಡಿನ 286 ನ್ಯಾಯಾಧೀಶರ ಕುಟುಂಬಗಳನ್ನು ಪರಿಶೀಲಿಸಿ, ಹೆಸರುವಾಸಿಯಾದವರ ಹತ್ತಿರದ ನೆಂಟರಲ್ಲಿ ಹೆಸರುವಾಸಿಗಳು ಹೆಚ್ಚು, ನಂಟು ದೂರವಾದಂತೆ ಅವರ ಸಂಖ್ಯೆ ಕಡಿಮೆ ಎಂದು ತೋರಿಸಿದ. ಪ್ರತಿಭೆ ರಕ್ತದಲ್ಲಿ ಹರಿದುಬರುತ್ತದೆ ಎಂಬುದು ಅವನ ತೀರ್ಮಾನ. ನ್ಯಾಯಾಧೀಶನ ಮಗನಿಗೆ ತಂದೆಯ ಬುದ್ಧಿಯ ಜೊತೆಗೆ ತಂದೆಯ ಹಣ, ಪರಿಚಯ, ಗ್ರಂಥಭಂಡಾರಗಳೂ ಬಳುವಳಿಯಾಗಿ ಬರುತ್ತವೆ ಎಂಬುದಕ್ಕೆ ಅವನು ತಕ್ಕ ತೂಕ ಕೊಡಲಿಲ್ಲ. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಅಲ್ಫೋನ್ಸ್ ದ ಕಾಂದೋಲ್ 1873ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕೊರತೆಯನ್ನು ತುಂಬಿದ. ವಿಜ್ಞಾನಿಗಳು ಹೆಚ್ಚಾಗಿ ಹುಟ್ಟಿದ ದೇಶಗಳಲ್ಲಿ ಧಾರ್ಮಿಕ ಸಹನೆ, ಒಳ್ಳೆಯ ಶಿಕ್ಷಣ, ಅಭಿಪ್ರಾಯ ಸ್ವಾತಂತ್ರ್ಯಗಳು ಇದ್ದುದನ್ನು ಅವನು ಎತ್ತಿ ತೋರಿಸಿದ. ಆದರೂ ಕಾಲದ ಗಾಳಿ ಗಾಲ್ಟನ್ ಕಡೆಗಿತ್ತು. ‘ಉತ್ತಮ’ರು ಹೆಚ್ಚು ಮಕ್ಕಳನ್ನು ಹೆರಬೇಕು, ‘ಅಧಮ’ರು ಹೆರಬಾರದು ಎಂಬ ಸುಸಂತತಿವಾದಕ್ಕೆ 1883ರಲ್ಲಿ ಹೆಸರಿಟ್ಟವನೂ ಅವನೇ. ಮುಂದೆ ಅಮೆರಿಕದಲ್ಲಿ, ಜರ್ಮನಿಯಲ್ಲಿ ಸಾವಿರಾರು ಜನರ ಬಲವಂತದ ಸಂತಾನಹರಣಕ್ಕೆ ಈ ವಾದ ಸಮರ್ಥನೆಯಾಯಿತು. ಪ್ರತಿಭೆಯ ಅಧ್ಯಯನಕ್ಕೆ ಅಂಟಿದ ಈ ಕಲೆಯನ್ನು ಬದಿಗಿಟ್ಟು ಅದರ ಚರಿತ್ರೆ ಬರೆಯಲಾಗದು.

ಫ್ರಾನ್ಸಿನಲ್ಲಿ ಅಧ್ಯಯನ ಬೇರೆ ದಾರಿ ಹಿಡಿಯಿತು. ಇಟಲಿಯ ಪೀಡ್ಮಾಂಟ್ ಪ್ರಾಂತದ ಝಾಕ್ ಇನೋದಿ ಕುರಿ ಕಾಯುತ್ತ ಬೆಳೆದ ಹುಡುಗ. ಓದುಬರಹ ಕಲಿತದ್ದು ಬಹಳ ತಡವಾಗಿ. ದೊಡ್ಡ ದೊಡ್ಡ ಗುಣಾಕಾರಗಳನ್ನು ಮನಸ್ಸಿನಲ್ಲೇ ಮಾಡಿ ಹೇಳುತ್ತಿದ್ದ ಅವನನ್ನು 1892ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಹಾಜರುಪಡಿಸಲಾಯಿತು. ಅವನನ್ನು ಪರೀಕ್ಷಿಸಿದವರಲ್ಲಿ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಒಬ್ಬ. ಇನೋದಿಗೆ ಅಂಕಿಗಳು ಕೇಳಿಸುತ್ತಿದ್ದವು. ಬರೆದು ತೋರಿಸಿದರೆ ಅವನಿಗೆ ಅಡ್ಡಿಯೇ ಆಗುತ್ತಿತ್ತು. ಇನ್ನೊಬ್ಬ ಗಣಿತಪಟು, ಗ್ರೀಸಿನ ದಿಯಮಂದಿಗಾದರೋ ಅಂಕಿಗಳು ಕಣ್ಣೆದುರು ಬರೆದಿಟ್ಟಂತೆ ಕಾಣುತ್ತಿದ್ದವು. ಒಂದೇ ಬಗೆಯ ಕೌಶಲದ ಹಿಂದೆ ಎರಡು ಬೇರೆ ಬೇರೆ ಮನೋವ್ಯಾಪಾರಗಳು. ಇದಕ್ಕಿಂತ ಮುಖ್ಯವಾದದ್ದು ಬಿನೆ ಮಾಡಿದ ಮತ್ತೊಂದು ಹೋಲಿಕೆ. ಪ್ಯಾರಿಸಿನ ಬೊಂ ಮಾರ್ಶೆ ಎಂಬ ದೊಡ್ಡ ಅಂಗಡಿಯಲ್ಲಿ ವರ್ಷಗಟ್ಟಲೆ ಲೆಕ್ಕ ಮಾಡಿ ಪಳಗಿದ್ದ ಕ್ಯಾಷಿಯರ್‌ಗಳನ್ನು ಕರೆಸಿ ಅದೇ ಬಗೆಯ ಲೆಕ್ಕಗಳನ್ನು ಕೊಟ್ಟ. ಸಣ್ಣ ಗುಣಾಕಾರಗಳಲ್ಲಿ ಅವರಲ್ಲಿ ಕೆಲವರು ಇನೋದಿಯನ್ನೂ ಮೀರಿಸಿದರು. ಅಂಕಿಗಳ ಸಾಲು ಉದ್ದವಾಗಿ ನೆನಪಿನ ಹೊರೆ ಹೆಚ್ಚಿದಾಗ ಮಾತ್ರ ಇನೋದಿ ಮುಂದಾದ. ವೇದಿಕೆಯ ಮೇಲೆ ಪವಾಡವಾಗಿ ಕಂಡದ್ದರಲ್ಲಿ ಅಭ್ಯಾಸದ ಪಾಲೆಷ್ಟು, ಉಳಿದದ್ದೆಷ್ಟು ಎಂದು ಪ್ರಯೋಗದಿಂದ ಬಿಡಿಸಿ ನೋಡಿದ ಆರಂಭದ ಯತ್ನಗಳಲ್ಲಿ ಇದು ಮುಖ್ಯವಾದುದು. 1894ರಲ್ಲಿ ಬಿನೆ ಇದನ್ನು ಗ್ರಂಥರೂಪದಲ್ಲಿ ತಂದ.

ಇದೇ ಬಿನೆ, ತೆಯೊದೋರ್ ಸಿಮೋನ್ ಜೊತೆಗೂಡಿ, 1905ರಲ್ಲಿ 30 ಅಂಶಗಳ ಬುದ್ಧಿಪರೀಕ್ಷೆಯನ್ನು ರೂಪಿಸಿದ. ಪ್ರತಿಭಾವಂತರನ್ನು ಆರಿಸುವುದು ಅದರ ಉದ್ದೇಶವಾಗಿರಲಿಲ್ಲ. ಪ್ಯಾರಿಸಿನ ಶಾಲೆಗಳಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಬೋಧನೆ ಒದಗಿಸಲೆಂದು ಅದು ಹುಟ್ಟಿತು. ಮಗುವಿನ ಬುದ್ಧಿ ಇಷ್ಟೇ ಎಂದು ಶಾಶ್ವತವಾಗಿ ಗೆರೆ ಎಳೆಯುವವರನ್ನು ಬಿನೆ ಕಟುವಾಗಿ ಖಂಡಿಸಿದ್ದ. ತರಬೇತಿಯಿಂದ ಬುದ್ಧಿ ಬೆಳೆಯುತ್ತದೆಂದು ನಂಬಿದ್ದ. 1911ರಲ್ಲಿ ಅವನು ತೀರಿಕೊಂಡ. ಮರುವರ್ಷ ಜರ್ಮನಿಯ ವಿಲಿಯಂ ಸ್ಟೆರ್ನ್ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸುವ ಕ್ರಮ ಸೂಚಿಸಿದ. 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಆ ಭಾಗಲಬ್ಧವನ್ನು 100ರಿಂದ ಗುಣಿಸಿ ಬುದ್ಧಿಲಬ್ಧವನ್ನು, ಅಂದರೆ ಐಕ್ಯೂವನ್ನು, ಬಳಕೆಗೆ ತಂದ. ಸಹಾಯಕ್ಕೆಂದು ಮಾಡಿದ ಸಾಧನ ಹೀಗೆ ಹತ್ತೇ ವರ್ಷಗಳಲ್ಲಿ ಶ್ರೇಣಿ ಕಟ್ಟುವ ಸಾಧನವಾಯಿತು.

1921ರಲ್ಲಿ ಟರ್ಮನ್ ಆರಂಭಿಸಿದ ಅಧ್ಯಯನ ಈ ಕ್ಷೇತ್ರದಲ್ಲೇ ಅತಿ ಹೆಸರಾದುದು. ಕ್ಯಾಲಿಫೋರ್ನಿಯಾದ ಶಾಲೆಗಳಿಂದ ಬಹುಪಾಲು 135ಕ್ಕೂ ಹೆಚ್ಚು ಬುದ್ಧಿಲಬ್ಧವಿದ್ದ 1,500ಕ್ಕೂ ಮಿಕ್ಕಿ ಮಕ್ಕಳನ್ನು ಆರಿಸಿ, ಅವರ ಜೀವನವನ್ನು ದಶಕಗಟ್ಟಲೆ ಹಿಂಬಾಲಿಸಲಾಯಿತು. ಬುದ್ಧಿವಂತ ಮಗು ರೋಗಿಷ್ಠ, ಅಂತರ್ಮುಖಿ, ಬೇಗ ಬಾಡಿಹೋಗುವಂಥದ್ದು ಎಂಬ ಆಗಿನ ಜನಜನಿತ ನಂಬಿಕೆಯನ್ನು ಈ ಅಧ್ಯಯನ ಅಳಿಸಿಹಾಕಿತು. ಇದು ಅದರ ನಿಜವಾದ ಕೊಡುಗೆ. ಆದರೆ ಆಯ್ಕೆಯ ಮೊದಲ ಹಂತದಲ್ಲೇ ತೊಡಕಿತ್ತು. ಯಾರನ್ನು ಪರೀಕ್ಷಿಸಬೇಕೆಂದು ಸೂಚಿಸಿದವರು ಬಹುಮಟ್ಟಿಗೆ ಶಿಕ್ಷಕರು. ಆಯ್ಕೆಯಾದವರಲ್ಲಿ ಹೆಚ್ಚಿನವರು ಬಿಳಿಯ ಮಧ್ಯಮವರ್ಗದ ಮನೆಗಳವರು. ಪರೀಕ್ಷೆಯಲ್ಲಿ ಬೇಕಾದಷ್ಟು ಅಂಕ ಬರದೆ ಹೊರಗುಳಿದ ವಿಲಿಯಂ ಶಾಕ್ಲಿ 1956ರಲ್ಲೂ ಲೂಯಿಸ್ ಆಲ್ವರೆಜ್ 1968ರಲ್ಲೂ ಭೌತವಿಜ್ಞಾನದ ನೊಬೆಲ್ ಪಡೆದರು. ಆಯ್ಕೆಯಾದ ಗುಂಪಿನಿಂದ ಒಬ್ಬರೂ ನೊಬೆಲ್ ಪಡೆಯಲಿಲ್ಲ. ತನ್ನ ‘ಮಕ್ಕಳಿ’ಗೆ ಟರ್ಮನ್ ಶಿಫಾರಸು ಪತ್ರಗಳನ್ನೂ ಬರೆದುಕೊಟ್ಟಿದ್ದರಿಂದ ಅವರ ಯಶಸ್ಸಿನಲ್ಲಿ ಬುದ್ಧಿಲಬ್ಧದ ಪಾಲೆಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಟರ್ಮನ್ ತೀರಿಕೊಂಡ ಮೇಲೆ ಅವನ ಸಹೋದ್ಯೋಗಿ ಮೆಲಿಟಾ ಓಡೆನ್ ಗುಂಪಿನ ಅತ್ಯಂತ ಯಶಸ್ವಿಯಾದ 100 ಗಂಡಸರನ್ನು ಅತ್ಯಂತ ಹಿಂದುಳಿದ 100 ಗಂಡಸರೊಡನೆ ಹೋಲಿಸಿದಳು. ಬುದ್ಧಿಲಬ್ಧದಲ್ಲಿ ಅಂತರ ಅಲ್ಪ. ಮನೆಯ ಹಿನ್ನೆಲೆ, ಹಿಡಿದ ಕೆಲಸ ಬಿಡದ ಛಲ, ಆತ್ಮವಿಶ್ವಾಸಗಳಲ್ಲಿ ಅಂತರ ದೊಡ್ಡದಿತ್ತು. ಟರ್ಮನ್‌ನ ಶಿಷ್ಯೆ ಕ್ಯಾಥರಿನ್ ಕಾಕ್ಸ್ 1926ರಲ್ಲಿ 301 ಮಂದಿ ಐತಿಹಾಸಿಕ ಮಹನೀಯರ ಬಾಲ್ಯವನ್ನು ಶೋಧಿಸಿ ಇದಕ್ಕೆ ಹತ್ತಿರದ ಮಾತನ್ನೇ ಹೇಳಿದ್ದಳು. ಗುಂಪಿನಲ್ಲಿದ್ದ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿ ಗೃಹಿಣಿಯರಾಗಿ ಉಳಿದರು. ಅದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲವೆಂಬುದು ಟರ್ಮನ್‌ನದೇ ಅಂಕಿಗಳಿಂದ ಸ್ಪಷ್ಟ.

ಹೆಂಗಸರಲ್ಲಿ ಮೇಧಾವಿಗಳು ಕಡಿಮೆ, ಏಕೆಂದರೆ ಗಂಡಸರಲ್ಲಿ ಹುಟ್ಟಿನಿಂದಲೇ ವೈವಿಧ್ಯ ಹೆಚ್ಚು ಎಂಬ ವಾದವನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಟಾ ಹಾಲಿಂಗ್‌ವರ್ತ್ ನೇರವಾಗಿ ಎದುರಿಸಿದಳು. 1914ರಲ್ಲಿ ಹೆಲೆನ್ ಮಾಂಟೆಗ್ಯೂ ಜೊತೆ ಸೇರಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಹುಟ್ಟಿದ 1,000 ಗಂಡು, 1,000 ಹೆಣ್ಣು ಶಿಶುಗಳ ಅಳತೆಗಳನ್ನು ಪರಿಶೀಲಿಸಿ, ಗಂಡಿನಲ್ಲಿ ವೈವಿಧ್ಯ ಹೆಚ್ಚೆಂಬುದಕ್ಕೆ ಆಧಾರ ಕಾಣಲಿಲ್ಲವೆಂದಳು. ಹೆಂಗಸರು ಕಾಣಿಸದಿದ್ದರೆ ಮನೆವಾರ್ತೆ, ಹೆರಿಗೆ, ಆರೈಕೆಗಳಲ್ಲಿ ಅವರ ದಿನಗಳು ಕಳೆದುಹೋಗುವುದನ್ನು ಮೊದಲು ನೋಡಬೇಕೆಂಬುದು ಅವಳ ವಾದ. ಪ್ರತಿಭಾವಂತ ಮಕ್ಕಳಿಗೂ ಶಾಲೆಯಲ್ಲಿ ಆಸರೆ ಬೇಕೆಂದು ತೋರಿಸಿಕೊಟ್ಟ ಮೊದಲಿಗರಲ್ಲಿ ಅವಳೂ ಒಬ್ಬಳು.

ಕರ್ನಾಟಕಕ್ಕೆ ಈ ವಿಜ್ಞಾನ ಬಂದದ್ದು ಎರಡು ಊರುಗಳ ಮೂಲಕ. ಎಲ್ಲ ಬೌದ್ಧಿಕ ಕೆಲಸಗಳ ಹಿಂದೆ ಒಂದು ಸಾಮಾನ್ಯ ಸಾಮರ್ಥ್ಯವಿದೆಯೆಂದು 1904ರಲ್ಲಿ ಪ್ರತಿಪಾದಿಸಿದ ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಆರಂಭವಾದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಇನ್ನೊಂದು ಊರು ಧಾರವಾಡ. ಅಲ್ಲಿ ವಿ.ವಿ. ಕಾಮತರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗಿಸಿದರು. 1934ರಲ್ಲಿ ಅದರ ವಿವರ ಪ್ರಕಟವಾಯಿತು, 1940ರಲ್ಲಿ ಪುಸ್ತಕ ಬಂತು. ಬಿನೆಯ ಪರೀಕ್ಷೆಯಲ್ಲಿ ಫ್ರೆಂಚ್ ನಾಣ್ಯಗಳನ್ನು ಎಣಿಸುವ, ಹೆಸರಿಸುವ ಪ್ರಶ್ನೆಗಳಿದ್ದವು. ಅಂಥವನ್ನು ನಮ್ಮ ಮಗುವಿನ ಮುಂದಿಟ್ಟರೆ ಅಳತೆಗೆ ಸಿಗುವುದು ಪರದೇಶದ ಪರಿಚಯವೇ ಹೊರತು ಬುದ್ಧಿಯಲ್ಲ. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ತಲೆಮಾರಿನಿಂದ ತಲೆಮಾರಿಗೆ ಬುದ್ಧಿಪರೀಕ್ಷೆಯ ಅಂಕಗಳು ಏರುತ್ತ ಬಂದಿವೆಯೆಂದು ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ಹಲವು ದೇಶಗಳ ದಾಖಲೆಗಳಿಂದ ತೋರಿಸಿದ ಮೇಲೂ, 1930ರ ದಶಕದ ಮಕ್ಕಳಿಗೆ ಹೊಂದಿಸಿದ ಅಳತೆಗೋಲನ್ನು ಇಂದಿನ ಮಕ್ಕಳಿಗೆ ಹಿಡಿಯುವುದು ಸರಿಯಲ್ಲ. ಕಾಮತರ ಕೆಲಸಕ್ಕೆ ಗೌರವ ತೋರುವ ದಾರಿ ಅದನ್ನು ಹೊಸದಾಗಿ ಮಾಡುವುದೇ.

ಎರಡನೆಯ ಮಹಾಯುದ್ಧದ ನಂತರ ಬುದ್ಧಿಲಬ್ಧದ ಏಕಸ್ವಾಮ್ಯ ಸಡಿಲವಾಯಿತು. 1950ರಲ್ಲಿ ಜೆ.ಪಿ. ಗಿಲ್ಫರ್ಡ್ ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷಭಾಷಣದಲ್ಲಿ, ಮನಶ್ಶಾಸ್ತ್ರದ ಸುಮಾರು 1,21,000 ಬರಹಗಳ ಪಟ್ಟಿಯಲ್ಲಿ ಸೃಜನಶೀಲತೆಯ ಬಗ್ಗೆ ಇರುವವು ಕೇವಲ 186 ಎಂದು ಗಮನ ಸೆಳೆದ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ್ದೇ ತಡ, ಅಮೆರಿಕ ಸರಕಾರ ಗಣಿತ-ವಿಜ್ಞಾನಗಳ ಪ್ರತಿಭೆಯ ಹುಡುಕಾಟಕ್ಕೆ ಹಣ ಸುರಿಯಿತು. ಮನಶ್ಶಾಸ್ತ್ರಜ್ಞ ಟಾರೆನ್ಸ್‌ನ ಸೃಜನಶೀಲತೆಯ ಪರೀಕ್ಷೆಗಳು, ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ 1971ರಲ್ಲಿ ಜೂಲಿಯನ್ ಸ್ಟ್ಯಾನ್ಲಿ ಆರಂಭಿಸಿದ ಗಣಿತಪ್ರತಿಭೆಯ ಅಧ್ಯಯನ, ಸಾಮರ್ಥ್ಯ, ಸೃಜನಶೀಲತೆ, ಕೆಲಸದ ನಿಷ್ಠೆ ಮೂರೂ ಕೂಡಬೇಕೆಂದು 1978ರಲ್ಲಿ ಜೋಸೆಫ್ ರೆಂಜುಲ್ಲಿ ಹೇಳಿದ್ದು ಎಲ್ಲವೂ ಈ ಕಾಲದವು. ರೆಂಜುಲ್ಲಿಯ ಮೂರನ್ನು ಮಮ್ಮಟ ಕಂಡಿದ್ದರೆ ಸುಲಭವಾಗಿ ಒಪ್ಪುತ್ತಿದ್ದ. 1983ರಲ್ಲಿ ಹೊವಾರ್ಡ್ ಗಾರ್ಡ್‌ನರ್ ಮಂಡಿಸಿದ ಏಳು ಬುದ್ಧಿಗಳ ಸಿದ್ಧಾಂತ ಶಿಕ್ಷಕರಿಗೆ ಬಹಳ ಪ್ರಿಯವಾದರೂ ಅದಕ್ಕೆ ಪ್ರಾಯೋಗಿಕ ಆಧಾರ ದುರ್ಬಲವೇ.

ಅಭ್ಯಾಸದ ಪಕ್ಷಕ್ಕೆ ಹೊಸ ಬಲ ತಂದವನು ಆಂಡರ್ಸ್ ಎರಿಕ್‌ಸನ್. ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳ ಬಗ್ಗೆ 1993ರಲ್ಲಿ ಅವನು ಸಂಗಡಿಗರೊಡನೆ ಬರೆದ ಪ್ರಬಂಧದಿಂದ 10,000 ಗಂಟೆಗಳ ಮಾತು ಹಬ್ಬಿತು. ಅದು ಅತ್ಯುತ್ತಮರು 20ನೆಯ ವಯಸ್ಸಿಗೆ ಮಾಡಿದ್ದ ಅಭ್ಯಾಸದ ಸರಾಸರಿ ಮಾತ್ರ. ಅಷ್ಟು ಗಂಟೆ ಕೂತವರೆಲ್ಲ ವಿದ್ವಾಂಸರಾಗುತ್ತಾರೆಂದು ಎರಿಕ್‌ಸನ್ ಹೇಳಲಿಲ್ಲ. 2014ರಲ್ಲಿ ಬ್ರೂಕ್ ಮ್ಯಾಕ್‌ನಮಾರಾ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಾಧನೆಯ ವ್ಯತ್ಯಾಸದಲ್ಲಿ ಅಭ್ಯಾಸದ ಪಾಲು ಸಂಗೀತದಲ್ಲಿ ಶೇಕಡಾ 21, ಕ್ರೀಡೆಯಲ್ಲಿ 18, ಶಿಕ್ಷಣದಲ್ಲಿ ಬರೀ 4 ಎಂದು ಕಂಡಿತು.

ಬೆಂಗಳೂರಿನ ಗಣಿತಪಟು ಶಕುಂತಲಾ ದೇವಿಯವರ ಪ್ರಕರಣ ಈ ವಿವಾದದ ನಡುವೆ ಬರುತ್ತದೆ. 1929ರಲ್ಲಿ ಹುಟ್ಟಿದ ಅವರು ಸರ್ಕಸ್ ಕಲಾವಿದನ ಮಗಳು. ಕ್ರಮಬದ್ಧ ಶಾಲಾಶಿಕ್ಷಣ ದೊರೆಯಲಿಲ್ಲ. ಎಳವೆಯಲ್ಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ ಕೊಟ್ಟರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳ ಗುಣಲಬ್ಧವನ್ನು 28 ಸೆಕೆಂಡುಗಳಲ್ಲಿ ಹೇಳಿದರು. 1988ರಲ್ಲಿ ಬರ್ಕ್ಲಿಯಲ್ಲಿ ಅವರನ್ನು ಪರೀಕ್ಷಿಸಿದ ಆರ್ಥರ್ ಜೆನ್ಸೆನ್, ಬುದ್ಧಿ ಬಹುಪಾಲು ಅನುವಂಶೀಯವೆಂದು ವಾದಿಸಿ ಖ್ಯಾತಿಯನ್ನೂ ಟೀಕೆಯನ್ನೂ ಪಡೆದಿದ್ದವನು. 6,16,29,875ರ ಘನಮೂಲ ಕೇಳಿದರೆ 395 ಎಂದೂ, 17,08,59,375ರ ಏಳನೆಯ ಮೂಲ ಕೇಳಿದರೆ 15 ಎಂದೂ, ಜೆನ್ಸೆನ್ ಪ್ರಶ್ನೆಯನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವ ಮೊದಲೇ ಅವರು ಉತ್ತರಿಸಿದರು. ದೀಪ ಹೊತ್ತಿದೊಡನೆ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಮಾತ್ರ ಅವರ ವೇಗ ಯಾರದೇ ವೇಗದಂತಿತ್ತು. ಮೆದುಳಿನ ಮೂಲವೇಗವೇ ಪ್ರತಿಭೆಯ ಬುಡವೆಂದು ನಂಬಿದ್ದವನು 1990ರಲ್ಲಿ ಈ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ಮೆಚ್ಚತಕ್ಕದ್ದು. ಬಾಲ್ಯದಿಂದ ಸಂಖ್ಯೆಗಳೊಡನೆ ಬೆಳೆದ ಒಡನಾಟವನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯದೆ ವಿಧಿಯಿಲ್ಲ. ಆ ಒಡನಾಟಕ್ಕೆ ಅವರೊಬ್ಬರೇ ಅಷ್ಟು ತೀವ್ರವಾಗಿ ಒಲಿದದ್ದು ಏಕೆಂಬ ಪ್ರಶ್ನೆ ಮನಶ್ಶಾಸ್ತ್ರಕ್ಕೆ ಇನ್ನೂ ಬಿಡಿಸಲಾಗದ್ದು.

ಸ್ವತಂತ್ರ ಭಾರತದಲ್ಲಿ ಪ್ರತಿಭಾಶೋಧ ಮುಖ್ಯವಾಗಿ ಪರೀಕ್ಷೆಗಳ ಮೂಲಕ ನಡೆದಿದೆ. ಎನ್‌ಸಿಇಆರ್‌ಟಿ 1963ರಲ್ಲಿ ದೆಹಲಿಯಲ್ಲಿ ಆರಂಭಿಸಿದ ವಿಜ್ಞಾನ ಪ್ರತಿಭಾಶೋಧ ಮರುವರ್ಷ ದೇಶಕ್ಕೆಲ್ಲ ಹರಡಿತು. 1976ರಲ್ಲಿ ಇತರ ವಿಷಯಗಳನ್ನೂ ಭಾರತೀಯ ಭಾಷೆಗಳನ್ನೂ ಒಳಗೊಂಡಿತು. 1986ರ ಶಿಕ್ಷಣ ನೀತಿಯ ಆಶಯದಂತೆ ಬೆಳೆದ ನವೋದಯ ವಿದ್ಯಾಲಯಗಳಲ್ಲಿ ಕನಿಷ್ಠ ಶೇಕಡಾ 75 ಸ್ಥಾನಗಳು ಹಳ್ಳಿಯ ಮಕ್ಕಳಿಗೆ ಮೀಸಲು. ಐದನೆಯ ತರಗತಿಯ ಮಗು ಪ್ರವೇಶಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಎಲ್ಲಿ ಹುಡುಕಬೇಕೆಂಬುದನ್ನು ನಿಯಮದಲ್ಲೇ ಬರೆದಿಟ್ಟಿರುವುದು ಈ ವ್ಯವಸ್ಥೆಯ ದೊಡ್ಡ ಗುಣ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಭಾರತದ ಮಕ್ಕಳಿಗೆ ಹೊಂದುವ ಗುರುತಿಸುವಿಕೆಯ ಕ್ರಮ, ಶಿಕ್ಷಕರ ತರಬೇತಿಗಳಲ್ಲಿ ತೊಡಗಿದೆ. ಎನ್‌ಸಿಇಆರ್‌ಟಿಯ ಈ ರಾಷ್ಟ್ರೀಯ ಪ್ರತಿಭಾಶೋಧ ಪರೀಕ್ಷೆಗೆ ಮಾತ್ರ 2021ರ ಮಾರ್ಚ್ 31ರವರೆಗಷ್ಟೇ ಮಂಜೂರಾತಿ ಇತ್ತು. ಆಮೇಲೆ ಅದನ್ನು ತಡೆಹಿಡಿಯಲಾಯಿತು. ಅದನ್ನು ಮತ್ತೆ ಆರಂಭಿಸಬೇಕು, ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳ ಶಿಕ್ಷಕರಿಗೆ ಮಕ್ಕಳನ್ನು ಗುರುತಿಸುವ ತರಬೇತಿಯನ್ನೂ ಅದರ ಜೊತೆಗೇ ಕೊಡಬೇಕು.