ಕಾರಿನೊಳಗಿನ ಗಾಳಿ: ಮಲೆನಾಡಿನ ಹವೆಗೆ ಹೊಂದಿದ ಬಗೆ

ಕಾರಿನೊಳಗಿನ ವಾಯುಸಂಚಾರಕ್ಕೆ ಎರಡು ಕೆಲಸ: ಉಸಿರಾಡಿ ಕೆಟ್ಟ ಗಾಳಿಯನ್ನು ಹೊರಹಾಕುವುದು, ಕೂತವರ ಮೈಗೆ ಹಿತವಾದ ಹವೆಯನ್ನು ಉಳಿಸುವುದು. ಬಯಲುಸೀಮೆಯಲ್ಲಿ ಹಿತವೆಂದರೆ ತಂಪು. ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಳೆಗಾಲದಲ್ಲಿ ಹಿತವೆಂದರೆ ಒಣಗಾಳಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ.

ಮೊದಲ ಘಟ್ಟ ಕಿಟಕಿಯದು. 1958ರಲ್ಲಿ ಬಂದ ಅಂಬಾಸಿಡರ್‌ನ ಮುಂಬಾಗಿಲುಗಳಲ್ಲಿ ಸಣ್ಣ ತ್ರಿಕೋನದ ಗಾಜಿತ್ತು. ಅದನ್ನು ಓರೆಯಾಗಿಸಿದರೆ ಓಟದ ರಭಸಕ್ಕೆ ಗಾಳಿ ಆಡುತ್ತಿತ್ತು. ಜಡಿಮಳೆಯಲ್ಲಿ ದೊಡ್ಡ ಗಾಜು ಏರಿಸಿದ ಮೇಲೆ ಆ ಕಿಂಡಿಯೇ ಗತಿ. 1984ರ ಮಾರುತಿ ವ್ಯಾನ್, ಅಂದರೆ ಮುಂದಿನ ಓಮ್ನಿಯಲ್ಲಿ, ಎಂಜಿನ್ ಮುಂದಿನ ಸೀಟಿನಡಿ ಇತ್ತು. ಅದರ ಕಾವು ಕೂತವರಿಗೆ ತಟ್ಟುತ್ತಿದ್ದುದರಿಂದ ಬೇಸಿಗೆಯಲ್ಲಿ ಕಿಟಕಿ ತೆರೆಯದೆ ಆಗುತ್ತಿರಲಿಲ್ಲ.

ಎರಡನೆಯದು ಯಂತ್ರದ ಘಟ್ಟ. ಅಮೆರಿಕದ ನ್ಯಾಶ್ ಕಂಪನಿ 1938ರಲ್ಲಿ ಹೊರಗಾಳಿಯನ್ನು ಸೋಸಿ ಬಿಸಿ ಮಾಡಿ ಒಳಗೆ ಕಳಿಸುವ ವ್ಯವಸ್ಥೆ ತಂದಿತು. 1940ರ ಪ್ಯಾಕಾರ್ಡ್ ಕಾರಿಗೆ ಎಸಿ ಕೂರಿಸಲಾಯಿತು. ಅದನ್ನು ನಿಲ್ಲಿಸಲು ಎಂಜಿನ್ನಿನ ಬೆಲ್ಟ್ ಕಳಚಬೇಕಿತ್ತು. 1954ರಲ್ಲಿ ನ್ಯಾಶ್ ಬಿಸಿ, ತಂಪು, ಗಾಳಿ ಮೂರನ್ನೂ ಒಂದೇ ವ್ಯವಸ್ಥೆಗೆ ತಂದಿತು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಎಸಿಗಳಲ್ಲಿದ್ದ, ಓಜೋನ್ ಪದರಕ್ಕೆ ಹಾನಿ ಮಾಡುವ ಆರ್-12 ಅನಿಲದ ಜಾಗಕ್ಕೆ ಆರ್-134ಎ ಬಂದಿತು.

ಹಿತವನ್ನು ಅಳೆಯುವ ಶಾಸ್ತ್ರವೂ ಈ ನಡುವೆ ಬೆಳೆಯಿತು. ಡೆನ್ಮಾರ್ಕಿನ ವಿಜ್ಞಾನಿ ಫ್ಯಾಂಗರ್ 1970ರ ಗ್ರಂಥದಲ್ಲಿ ಗಾಳಿಯ ಉಷ್ಣತೆ, ಸುತ್ತಲಿನ ಮೇಲ್ಮೈಗಳ ಕಾವು, ತೇವಾಂಶ, ಗಾಳಿಯ ವೇಗ, ಉಡುಪು, ದೇಹಶ್ರಮ ಈ ಆರನ್ನೂ ಒಂದೇ ಲೆಕ್ಕಕ್ಕೆ ತಂದರು.

ಇದರಲ್ಲಿ ತೇವಾಂಶದ ಪಾತ್ರ ಹುಲಿಕಲ್ ಘಾಟಿಯಲ್ಲಿ ಕಣ್ಣಿಗೇ ಕಾಣುತ್ತದೆ. ನೆನೆದ ಕೊಡೆ, ಒದ್ದೆ ಬಟ್ಟೆ, ಐವರ ಉಸಿರು ಸೇರಿ ಒಳಗಿನ ಗಾಳಿ ನೀರಾವಿಯಿಂದ ತುಂಬುತ್ತದೆ. ಮಳೆ ಬಡಿದು ತಣ್ಣಗಾದ ಗಾಜಿಗೆ ತಾಗಿ ಮಂಜಾಗಿ ಕೂರುತ್ತದೆ. ಬಟ್ಟೆಯಿಂದ ಒರೆಸಿದರೆ ಮುಂದಿನ ತಿರುವಿಗೆ ಮತ್ತೆ ಅದೇ ಪಾಡು. ಎಸಿ ಹಾಕಿದರೆ ಕೂಲಿಂಗ್ ಕಾಯಿಲ್ ನೀರಾವಿಯನ್ನು ಹನಿಯಾಗಿಸಿ ಕೊಳವೆಯಲ್ಲಿ ಹೊರಬಿಡುತ್ತದೆ. ಒಣಗಿದ ಗಾಳಿಯನ್ನು ಹೀಟರ್ ಬೆಚ್ಚಗಾಗಿಸಿ ಗಾಜಿಗೆ ಊದಿದರೆ ಮಂಜು ಬಿಡುತ್ತದೆ. ಘಾಟಿ ಇಳಿದು ಕುಂದಾಪುರದ ಕಡೆಯ ಬೆಚ್ಚನೆಯ ತೇವದ ಗಾಳಿಯಲ್ಲಿ ಹೋಗುವಾಗ ಮಾತ್ರ ಎಸಿಯಿಂದ ತಣಿದ ಗಾಜಿನ ಹೊರಮೈಗೇ ಮಂಜು ಹಿಡಿಯಬಹುದು. ಅದಕ್ಕೆ ವೈಪರ್ ಸಾಕು, ತಂಪನ್ನು ಕಡಿಮೆ ಮಾಡಿದರೆ ಮರುಕಳಿಸದು.

ಸದಾ ಒದ್ದೆಯಿರುವ ಕಾಯಿಲ್‌ನಲ್ಲಿ ಬೂಷ್ಟು ಬೆಳೆದು ಮುಗ್ಗಲು ವಾಸನೆ ಬರುತ್ತದೆ. ಅಲರ್ಜಿ, ಉಬ್ಬಸ ಇರುವವರಿಗೆ ಇದು ತೊಂದರೆ. ಕಾರು ನಿಲ್ಲಿಸುವ ಕೆಲವು ನಿಮಿಷ ಮೊದಲೇ ಎಸಿ ಆರಿಸಿ ಬ್ಲೋವರ್ ಓಡಿಸಿದರೆ ಕಾಯಿಲ್ ಒಣಗುತ್ತದೆ. ಧೂಳು, ಪರಾಗ ತಡೆಯುವ ಫಿಲ್ಟರನ್ನೂ ಮಳೆಗಾಲ ಕಳೆದ ಮೇಲೆ ನೋಡಬೇಕು.

ಇತ್ತೀಚಿನ ಘಟ್ಟದಲ್ಲಿ ಗಮನ ಉಸಿರಿನ ಕಡೆಗೆ ತಿರುಗಿದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗ. ಸುಮ್ಮನೆ ಕೂತ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಹೊರಬಿಡುತ್ತಾರೆ. 3,000 ಲೀಟರ್ ಗಾಳಿಯಿರುವ ಕಾರಿನಲ್ಲಿ ನಾಲ್ವರಿದ್ದು, ಒಳಗಾಳಿಯೇ ಸುತ್ತುತ್ತಿದ್ದು, ಎಲ್ಲೂ ಸೋರದಿದ್ದರೆ 10 ನಿಮಿಷದಲ್ಲಿ ಅದು 4,000 ಭಾಗ ಏರುತ್ತದೆ. ಸೋರಿಕೆಯಿಂದ ಈ ಏರಿಕೆ ನಿಧಾನವಾದರೂ ಮಂಕು, ತಲೆನೋವು, ತೂಕಡಿಕೆಗೆ ದಾರಿಯಾಗುತ್ತದೆ. ಕೋವಿಡ್ ಕಾಲದಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಕಂಪ್ಯೂಟರ್ ಮಾದರಿಯಿಂದ ತೋರಿಸಿದಂತೆ, ಕಿಟಕಿಗಳನ್ನೆಲ್ಲ ಮುಚ್ಚಿ ಎಸಿ ಹಾಕಿದಾಗ ಸೋಂಕಿನ ಕಣಗಳು ಹರಡುವ ಅಪಾಯ ಹೆಚ್ಚು, ಎಲ್ಲ ತೆರೆದಾಗ ಕಡಿಮೆ.

ಹೀಗಾಗಿ ಬಿಸಿಲಲ್ಲಿ ನಿಂತ ಕಾರನ್ನು ತಣಿಸಲು ಒಳಗಾಳಿಯ ಸುತ್ತಾಟ ಮೊದಲ ಕೆಲವು ನಿಮಿಷಕ್ಕೆ ಸಾಕು. ಆಮೇಲೆ ಹೊರಗಾಳಿ ಬೇಕು. ಮಲೆನಾಡಿನ ಮಳೆಯಲ್ಲಿ ಹೊರಗಾಳಿಯ ಜೊತೆಗೆ ಎಸಿ ಹಾಕಿದರೆ ಉಸಿರೂ ಹೊಸದಾಗುತ್ತದೆ, ಗಾಜೂ ತಿಳಿಯಾಗುತ್ತದೆ.