14 ದೊಡ್ಡದೋ, 16 ದೊಡ್ಡದೋ? ವಿಕೆಟ್‌ಕೀಪರ್‌ಗಳನ್ನು ತೂಗಿದ ಬಗೆ

1983ರ ವಿಶ್ವಕಪ್‌ನಲ್ಲಿ ವಿಕೆಟ್ ಹಿಂದೆ ಅತಿ ಹೆಚ್ಚು ಬಲಿ ಪಡೆದವರು ವೆಸ್ಟ್ ಇಂಡೀಸ್‌ನ ಜೆಫ್ ಡುಜಾನ್: 15 ಕ್ಯಾಚ್, 1 ಸ್ಟಂಪಿಂಗ್, ಒಟ್ಟು 16. ನಮ್ಮ ಸೈಯದ್ ಕಿರ್ಮಾನಿ ಅವರದು 12 ಕ್ಯಾಚ್, 2 ಸ್ಟಂಪಿಂಗ್, ಒಟ್ಟು 14. ಎರಡೂ ತಂಡ ಆಡಿದ್ದು ಎಂಟೆಂಟು ಪಂದ್ಯ. ಆದರೂ ಟೂರ್ನಿಯ ಉತ್ತಮ ಕೀಪರ್ ಎಂಬ ಗೌರವ ಸಂದದ್ದು ಕಿರ್ಮಾನಿಗೆ. ಕೊಟ್ಟವರು ಇಂಗ್ಲೆಂಡಿನ ಗಾಡ್‌ಫ್ರೆ ಇವಾನ್ಸ್, ತಮ್ಮ ಕಾಲದ ದೊಡ್ಡ ಕೀಪರ್. ಪುಸ್ತಕದ ಲೆಕ್ಕ ಒಂದು ಹೇಳಿತು, ಕಸುಬು ಬಲ್ಲವರ ಕಣ್ಣು ಇನ್ನೊಂದು ಹೇಳಿತು. ಕೀಪರ್‌ಗಳನ್ನು ಅಳೆಯುವ ವಿದ್ಯೆ ಬೆಳೆದದ್ದೇ ಈ ಎರಡರ ತಕರಾರಿನಲ್ಲಿ.

ಮೊದಲ ಅಳತೆಗೋಲು ಬೈ. ಕೀಪರ್ ಕೈಗೆ ಸಿಗದೆ ಹಿಂದಕ್ಕೆ ಹೋದ ಚೆಂಡಿನ ರನ್ ಅದು. ಹಳೆಯ ಕಾಲದಲ್ಲಿ ಕೀಪರ್‌ನ ಮರ್ಯಾದೆ ನಿಂತಿದ್ದು ಅದರ ಮೇಲೆಯೇ. 1946ರಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾ 8 ವಿಕೆಟ್‌ಗೆ 659 ರನ್ ಹೊಡೆದು ಡಿಕ್ಲೇರ್ ಮಾಡಿತು. ಬ್ರಾಡ್ಮನ್ 234, ಬಾರ್ನ್ಸ್ 234. ಅಷ್ಟೂ ಹೊತ್ತು ವಿಕೆಟ್ ಹಿಂದೆ ಕೂತೆದ್ದ ಇದೇ ಇವಾನ್ಸ್ ಒಂದೇ ಒಂದು ಬೈ ಬಿಡಲಿಲ್ಲ. ಇದನ್ನು ಮೀರಿದ ಸಾಕ್ಷಿ ಬೇಕೇ ಎಂದು ಆಗಿನವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಬೈ ಕೀಪರ್ ಒಬ್ಬನ ಲೆಕ್ಕವಲ್ಲ. ಬೌಲರ್ ಯಾರು, ಪಿಚ್ ಎಂಥದು ಎನ್ನುವುದೂ ಅದರಲ್ಲಿ ಸೇರಿಕೊಂಡಿದೆ. ಬಿ.ಎಸ್. ಚಂದ್ರಶೇಖರ್ ಅವರನ್ನು ನೆನೆಯಿರಿ. ಪೋಲಿಯೊ ತಗುಲಿದ ಬಲಗೈಯಿಂದ, ಹೆಚ್ಚುಕಡಿಮೆ ಮಧ್ಯಮ ವೇಗದಲ್ಲಿ ಬರುತ್ತಿದ್ದ ಗೂಗ್ಲಿ ಎಷ್ಟೋ ಸಲ ಬ್ಯಾಟ್ಸ್‌ಮನ್ನನ್ನು ಮಾತ್ರವಲ್ಲ, ಸ್ಟಂಪಿಗೆ ಅಂಟಿ ಕೂತ ಕೀಪರ್‌ನನ್ನೂ ಯಾಮಾರಿಸುವಂಥದು. ಅಂಥವರ ಮುಂದೆ ನಾಲ್ಕು ಬೈ ಬಿಟ್ಟವನು, ನೆಟ್ಟಗೆ ಬರುವ ಮಧ್ಯಮ ವೇಗಿಗೆ ಒಂದೂ ಬಿಡದವನಿಗಿಂತ ಕಡಿಮೆಯವನೇನಲ್ಲ. ಕರ್ನಾಟಕದ ಕೀಪರ್‌ಗಳಿಗೆ ಸ್ಪಿನ್ನರ್‌ಗಳಾದ ಪ್ರಸನ್ನ, ಚಂದ್ರ ಇಬ್ಬರೂ ಮನೆಯವರೇ. ಕಿರ್ಮಾನಿಯ ಕೈ ಪಳಗಿದ್ದು ಅಲ್ಲಿ.

ಮುಂದೆ ಬಂದದ್ದು ಬಲಿಗಳ ಎಣಿಕೆ. ಅದು ಇನ್ನೂ ಮೋಸದ್ದು. ಕಿರ್ಮಾನಿ 88 ಟೆಸ್ಟ್‌ಗಳಲ್ಲಿ 160 ಕ್ಯಾಚ್, 38 ಸ್ಟಂಪಿಂಗ್ ಸೇರಿ 198 ಬಲಿ ಪಡೆದರು. ಆಸ್ಟ್ರೇಲಿಯಾದ ಆಡಂ ಗಿಲ್‌ಕ್ರಿಸ್ಟ್ 96 ಟೆಸ್ಟ್‌ಗಳಲ್ಲಿ 416. ಪಂದ್ಯಕ್ಕೆ ಇಷ್ಟು ಎಂದು ಭಾಗಿಸಿದರೆ ಕಿರ್ಮಾನಿಗೆ ಎರಡು ಚಿಲ್ಲರೆ, ಗಿಲ್‌ಕ್ರಿಸ್ಟ್‌ಗೆ ನಾಲ್ಕು ಚಿಲ್ಲರೆ. ಹಾಗೆಂದು ಗಿಲ್‌ಕ್ರಿಸ್ಟ್ ಎರಡು ಪಟ್ಟು ದೊಡ್ಡ ಕೀಪರ್ ಎಂದು ಯಾರೂ ಹೇಳುವುದಿಲ್ಲ. ವೇಗಿಗಳಾದ ಮೆಗ್ರಾ, ಬ್ರೆಟ್ ಲೀ ಚೆಂಡಿಗೆ ಬ್ಯಾಟಿನ ಅಂಚು ತಾಗಿದರೆ ಅದು ಹೋಗುವುದು ಕೀಪರ್ ಕೈಗೆ ಅಥವಾ ಸ್ಲಿಪ್‌ಗೆ. ಸ್ಪಿನ್ನರ್‌ಗಳಾದ ಬೇಡಿ, ಪ್ರಸನ್ನರ ಬಲಿಗಳು ಶಾರ್ಟ್ ಲೆಗ್‌ನ ಸೋಲ್ಕರ್‌ಗೂ ಹಂಚಿಹೋಗುತ್ತಿದ್ದವು. ಕಿರ್ಮಾನಿಯ ಪ್ರತಿ ಐದು ಬಲಿಯಲ್ಲಿ ಸುಮಾರು ಒಂದು ಸ್ಟಂಪಿಂಗ್. ಗಿಲ್‌ಕ್ರಿಸ್ಟ್ ಅವರದು ಶೇನ್ ವಾರ್ನ್ ಇದ್ದೂ ಹನ್ನೊಂದಕ್ಕೆ ಒಂದು. ಎರಡು ಬೇರೆ ಬೇರೆ ಉದ್ಯೋಗಗಳ ಸಂಬಳವನ್ನು ಹೋಲಿಸಿದ ಹಾಗಾಯಿತು ಇದು.

ಈ ನಡುವೆ ಇನ್ನೊಂದು ತಕ್ಕಡಿ ಸದ್ದಿಲ್ಲದೆ ಬಂದು ಕೂತಿತ್ತು: ಬ್ಯಾಟಿಂಗ್. ಅದಕ್ಕೆ ಗಿಲ್‌ಕ್ರಿಸ್ಟ್ ಬರಬೇಕಾಯಿತು ಎನ್ನುವವರು ಮೂಲ್ಕಿಯ ಬುಧಿ ಕುಂದರನ್ ಅವರನ್ನು ಮರೆತಿದ್ದಾರೆ. ರಣಜಿ ಆಡುವ ಮೊದಲೇ 1960ರಲ್ಲಿ ಟೆಸ್ಟ್‌ಗೆ ಇಳಿದವರು. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ಮೇಲೆ 192, ಆ ಸರಣಿಯಲ್ಲಿ ಒಟ್ಟು 525 ರನ್. ಇಷ್ಟಾದರೂ ಆಡಿದ್ದು 18 ಟೆಸ್ಟ್ ಮಾತ್ರ, ಏಕೆಂದರೆ ಎದುರಿಗೆ ಫಾರೂಕ್ ಇಂಜಿನಿಯರ್ ಇದ್ದರು. (1967ರ ಬರ್ಮಿಂಗ್‌ಹ್ಯಾಮ್ ಟೆಸ್ಟ್‌ನಲ್ಲಿ ಕುಂದರನ್ ಬ್ಯಾಟಿಂಗ್ ಮಾತ್ರವಲ್ಲ, ಬೌಲಿಂಗನ್ನೂ ಆರಂಭಿಸಿದರು. ನಾಲ್ವರು ಸ್ಪಿನ್ನರ್‌ಗಳು ತುಂಬಿಕೊಂಡ ತಂಡದಲ್ಲಿ ಹೊಸ ಚೆಂಡು ಹಿಡಿಯಲು ಬೇರೆ ಯಾರಿದ್ದರು?) ಆ ಕಾಲದ ಆಯ್ಕೆಗಾರರಿಗೆ ಕೀಪರ್‌ನ ರನ್ ಎಂದರೆ ಊಟದ ಮೇಲಿನ ಬಾಳೆಹಣ್ಣು.

ಕಿರ್ಮಾನಿ ಬಗ್ಗೆಯಾದರೂ ಅವರ ಲೆಕ್ಕ ಸರಿಯಿತ್ತೇ? 1976ರಲ್ಲಿ, ತಮ್ಮ ಎರಡನೆಯ ಟೆಸ್ಟ್‌ನಲ್ಲೇ, ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ ಒಂದೇ ಇನಿಂಗ್ಸ್‌ನಲ್ಲಿ ಆರು ಬಲಿ ಪಡೆದು ಆಗಿನ ವಿಶ್ವದಾಖಲೆ ಸರಿಗಟ್ಟಿದರು. ನಾಲ್ಕು ವರ್ಷ ಕಳೆಯುವುದರೊಳಗೆ, 1979ರ ವಿಶ್ವಕಪ್‌ಗೂ ಇಂಗ್ಲೆಂಡ್ ಪ್ರವಾಸಕ್ಕೂ ಅವರನ್ನು ಕೈಬಿಟ್ಟರು. ವಿಶ್ವಕಪ್‌ನಲ್ಲಿ ಸುರಿಂದರ್ ಖನ್ನಾ, ಟೆಸ್ಟ್‌ಗಳಲ್ಲಿ ಭರತ್ ರೆಡ್ಡಿ ಕೀಪಿಂಗ್ ಮಾಡಿದರು. ವಾಪಸ್ ಬಂದವರೇ ಅದೇ ವರ್ಷ ಮುಂಬೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ ನೈಟ್‌ವಾಚ್‌ಮನ್ ಆಗಿ ಇಳಿದು ಔಟಾಗದೆ 101 ಹೊಡೆದರು. 1983ರ ಜೂನ್ 18ರಂದು ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಕಪಿಲ್ 175 ಹೊಡೆದ ಕಥೆ ಎಲ್ಲರ ಬಾಯಲ್ಲೂ ಇದೆ. ಒಂಬತ್ತನೆಯ ವಿಕೆಟ್‌ಗೆ ಮುರಿಯದ 126 ರನ್ ಜೊತೆಯಾಟದಲ್ಲಿ ಇನ್ನೊಂದು ತುದಿ ಹಿಡಿದು 24 ರನ್ ಮಾಡಿದವರ ಹೆಸರು ಅರ್ಧ ಜನಕ್ಕೆ ನೆನಪಿಲ್ಲ. ನನ್ನ ಮಟ್ಟಿಗೆ ಕಿರ್ಮಾನಿ ಯೋಗ್ಯತೆಗಿಂತ ಕಡಿಮೆ ಹೊಗಳಿಸಿಕೊಂಡ ಕೀಪರ್.

ಹೊಗಳಿಕೆ ಮೊದಲೇ ಬಂದು, ಆಟ ಹಿಂದೆ ಉಳಿದ ಪ್ರಸಂಗ ಬೇಕೆಂದರೆ ಅದೂ ಬೆಂಗಳೂರಿನದೇ. 1985ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸದಾನಂದ ವಿಶ್ವನಾಥ್ ವಿಕೆಟ್ ಹಿಂದೆ ಮಿಂಚಿದರು. ಮೆಲ್ಬರ್ನ್ ಫೈನಲ್‌ನಲ್ಲಿ ಶಿವರಾಮಕೃಷ್ಣನ್ ಚೆಂಡಿಗೆ ಮುಂದೆ ಬಂದ ಜಾವೇದ್ ಮಿಯಾಂದಾದ್ ಬೇಲ್ಸ್ ಹಾರಿದ್ದನ್ನು ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ದೇಶಕ್ಕೆ ಮುಂದಿನ ಹತ್ತು ವರ್ಷದ ಕೀಪರ್ ಸಿಕ್ಕ ಎಂದೇ ಮಾತಾಯಿತು. ಅವರು ಆಡಿದ್ದು ಮೂರು ಟೆಸ್ಟ್, 22 ಏಕದಿನ ಪಂದ್ಯ. ಆಮೇಲೆ ಕಿರಣ್ ಮೋರೆ, ಚಂದ್ರಕಾಂತ ಪಂಡಿತ್ ಬಂದರು. ವಿಶ್ವನಾಥ್ ಅಂಪೈರ್ ಆದರು. ಆ ಹೊಗಳಿಕೆ ಸುಳ್ಳೇನಲ್ಲ. ಐದು ಪಂದ್ಯದ ಆಧಾರದ ಮೇಲೆ ಹತ್ತು ವರ್ಷದ ಭವಿಷ್ಯ ಹೇಳಿದ್ದು ತಪ್ಪು. ಹಾಕಿಯಲ್ಲೂ ಹೀಗೆಯೇ: 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಕೊರಿಯಾದ ಎರಡು ಪೆನಾಲ್ಟಿ ಸ್ಟ್ರೋಕ್ ತಡೆದ ಕರ್ನಾಟಕದ ಆಶಿಶ್ ಬಲ್ಲಾಳರನ್ನು ಜನ ನೆನೆಯುವುದು ಆ ಎರಡೇ ಹೊಡೆತಗಳಿಂದ. ಅದಕ್ಕೂ ಹಿಂದಿನ ವರ್ಷಗಳ ಗೋಲ್‌ಕೀಪಿಂಗ್ ಕೇಳುವವರಿಲ್ಲ.

ಗೋಲ್‌ಕೀಪರ್‌ಗಳ ಈ ಲೆಕ್ಕವನ್ನು ಎಲ್ಲರಿಗಿಂತ ಮುಂದೆ ಒಯ್ದವರು ಐಸ್ ಹಾಕಿಯವರು. ಉತ್ತರ ಅಮೆರಿಕದ ಲೀಗ್‌ನಲ್ಲಿ ವೆಜಿನಾ ಟ್ರೋಫಿ ಎಂಬುದೊಂದಿದೆ. 1981ರ ತನಕ ಅದು ಅತಿ ಕಡಿಮೆ ಗೋಲು ಬಿಟ್ಟ ತಂಡದ ಗೋಲ್‌ಕೀಪರ್‌ಗೆ ತಾನಾಗಿಯೇ ಹೋಗುತ್ತಿತ್ತು. ಅಂದರೆ ಮುಂದೆ ಗಟ್ಟಿ ಡಿಫೆನ್ಸ್ ಇದ್ದವನಿಗೆ ಬಹುಮಾನ. ಮುಂದಿನ ಸೀಸನ್‌ನಿಂದ ತಂಡಗಳ ಜನರಲ್ ಮ್ಯಾನೇಜರ್‌ಗಳು ಮತ ಹಾಕಿ ಆರಿಸತೊಡಗಿದರು, ಕಡಿಮೆ ಗೋಲಿಗೆ ಬೇರೆ ಟ್ರೋಫಿ ಮಾಡಿದರು. ಗೋಲಿಗೆ ಬಂದ ಹೊಡೆತಗಳಲ್ಲಿ ಎಷ್ಟು ತಡೆದ ಎಂಬ ಶೇಕಡಾ ಲೆಕ್ಕ ಮುಂದಕ್ಕೆ ಬಂತು. ಹಾವಿನಂತೆ ಹೊರಳಾಡಿ ಹೊಡೆತ ತಡೆಯುತ್ತಿದ್ದ ಜೆಕ್ ಆಟಗಾರ ಡೊಮಿನಿಕ್ ಹಾಶೆಕ್, 1994ರಿಂದ 1999ರ ತನಕ ಸತತ ಆರು ಸೀಸನ್ ಆ ಶೇಕಡಾದಲ್ಲಿ ಮೊದಲಿಗರಾಗಿ, ಅದು ಅದೃಷ್ಟವಲ್ಲ ಎಂದು ಸಾಬೀತು ಮಾಡಿದರು.

ಈಗ ಅದೂ ಸಾಲದಾಗಿದೆ. ಹೊಡೆತ ಎಷ್ಟು ದೂರದಿಂದ ಬಂತು, ಯಾವ ಕೋನದಿಂದ, ಪುಟಿದು ಬಂದದ್ದೋ ಅಲ್ಲವೋ ಎಂದೆಲ್ಲ ನೋಡಿ, ಸಾಧಾರಣ ಗೋಲ್‌ಕೀಪರ್ ಇದರಲ್ಲಿ ಎಷ್ಟು ಬಿಡುತ್ತಿದ್ದ ಎಂದು ಮೊದಲು ಅಂದಾಜಿಸುತ್ತಾರೆ. ಅದಕ್ಕಿಂತ ಎಷ್ಟು ಕಡಿಮೆ ಬಿಟ್ಟನೋ ಅಷ್ಟು ಅವನ ಸ್ವಂತ ಗಳಿಕೆ. 1800 ಹೊಡೆತಗಳಲ್ಲಿ ಶೇ 91 ತಡೆದವನಿಗೂ ಶೇ 92 ತಡೆದವನಿಗೂ ಅಂತರ 18 ಗೋಲು. ಬರಿಗಣ್ಣಿಗೆ ಇದು ಕಾಣಿಸುವುದೇ ಇಲ್ಲ, ಲೀಗ್ ಪಟ್ಟಿಯಲ್ಲಿ ಮಾತ್ರ ಎದ್ದು ಕಾಣುತ್ತದೆ.

ಕ್ರಿಕೆಟ್‌ಗೆ ಈ ಬುದ್ಧಿ ತಡವಾಗಿ ಬಂತು. ತಡವಾಗಲು ಕಾರಣ ಸ್ಕೋರ್‌ಬುಕ್. ಕೊಪ್ಪಳದಿಂದ ಕುಷ್ಟಗಿಯವರೆಗೆ, ಗಂಗಾವತಿಯ ಕಾಲುವೆ ಸೀಮೆಯಲ್ಲಿ, ಯಲಬುರ್ಗಾದ ಎರೆ ನೆಲದಲ್ಲಿ, ಬೇಸಿಗೆ ಬಂತೆಂದರೆ ಟೆನಿಸ್ ಬಾಲ್ ಟೂರ್ನಿಗಳು. ಶಾಮಿಯಾನದ ಕೆಳಗೆ ಒಂದು ಟೇಬಲ್, ಮೈಕ್, ಬಹುಮಾನದ ಕಪ್‌ಗಳ ಸಾಲು, ನಡುವೆ ಗೆರೆ ಎಳೆದ ಪುಸ್ತಕ. ಅದನ್ನೊಮ್ಮೆ ಬಗ್ಗಿ ನೋಡಿ. ಕೀಪರ್ ಹೆಸರು ಬರುವುದು ಕ್ಯಾಚ್ ಹಿಡಿದರೆ, ಸ್ಟಂಪ್ ಮಾಡಿದರೆ ಮಾತ್ರ. ಬ್ಯಾಟ್ಸ್‌ಮನ್ ಎರಡು ಹೆಜ್ಜೆ ಮುಂದೆ ಹೋಗಿ ಚೆಂಡು ತಪ್ಪಿಸಿಕೊಂಡ, ಕೀಪರ್ ತಡವರಿಸಿದ, ಬ್ಯಾಟ್ಸ್‌ಮನ್ ಗೆರೆಗೆ ವಾಪಸ್ ಬಂದ. ಸ್ಕೋರರ್ ಏನು ಬರೆಯುತ್ತಾನೆ? ಒಂದು ಚುಕ್ಕೆ. ಕೀಪರ್ ಕೈಚೆಲ್ಲಿದ್ದು ಬೌಲರ್ ಖಾತೆಗೆ ಒಳ್ಳೆ ಚೆಂಡಾಗಿ ಜಮಾ ಆಗುತ್ತದೆ. ಆ ಬ್ಯಾಟ್ಸ್‌ಮನ್ ಆಮೇಲೆ ಸಿಕ್ಸರ್ ಮೇಲೆ ಸಿಕ್ಸರ್ ಹೊಡೆದರೆ ಬೈಗುಳವೂ ಬೌಲರ್‌ಗೇ. ಸಂಜೆ ಮೈಕಿನಲ್ಲಿ, ‘ಕೀಪರ್ ಭಾಳ ಚಲೋ ಜಿಗಿತಾನ’ ಎನ್ನಿಸಿಕೊಂಡವನಿಗೆ ಕಪ್ ಹೋಗುತ್ತದೆ. ಕಾಲು ಸರಿಯಾಗಿ ಸರಿಸಿ, ಜಿಗಿಯುವ ಪ್ರಸಂಗವೇ ಬಾರದಂತೆ ನೋಡಿಕೊಂಡವನು ಚಪ್ಪಾಳೆ ತಟ್ಟುತ್ತಾನೆ.

ಟೆಸ್ಟ್ ಮಟ್ಟದ ಈ ಚುಕ್ಕೆಗಳನ್ನು ಕೆದಕಿದವರು ಆಸ್ಟ್ರೇಲಿಯಾದ ಅಂಕಿಅಂಶ ಸಂಗ್ರಾಹಕ ಚಾರ್ಲ್ಸ್ ಡೇವಿಸ್. ಚೆಂಡು ಚೆಂಡಿನ ವಿವರಣೆ, ಪತ್ರಿಕಾ ವರದಿ ಜಾಲಾಡಿ ಬಿಟ್ಟ ಕ್ಯಾಚ್, ತಪ್ಪಿದ ಸ್ಟಂಪಿಂಗ್‌ಗಳನ್ನು ಪಟ್ಟಿ ಮಾಡಿದರು. ಟೆಸ್ಟ್‌ನಲ್ಲಿ ಫೀಲ್ಡರ್‌ಗಳಿಗೆ ಸಿಗುವ ಅವಕಾಶಗಳಲ್ಲಿ ಸುಮಾರು ನಾಲ್ಕಕ್ಕೊಂದು ಕೈತಪ್ಪುತ್ತದೆ ಎಂಬುದು ಆ ಕೆಲಸದಿಂದ ಗೊತ್ತಾಯಿತು. ಕೀಪರ್‌ನ ವಿಷಯದಲ್ಲಿ ಸ್ಟಂಪಿಗೆ ಅಂಟಿ ನಿಂತಾಗಿನ ತಪ್ಪು ಬೇರೆ, ವೇಗಿಗೆ ದೂರ ನಿಂತಾಗಿನ ತಪ್ಪು ಬೇರೆ ಎಂದು ವಿಂಗಡಿಸಿದ ಮೇಲಷ್ಟೇ ಹೋಲಿಕೆಗೆ ಅರ್ಥ. ಭಾರತ ತಂಡ 2019ರಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ತವರಿನ ಸರಣಿಗೆ ಪಂತ್ ಅವರನ್ನು ಕೂರಿಸಿ ವೃದ್ಧಿಮಾನ್ ಸಾಹಾಗೆ ಗ್ಲೌಸ್ ಕೊಟ್ಟದ್ದು ಇದೇ ತರ್ಕದಲ್ಲಿ: ಅಶ್ವಿನ್, ಜಡೇಜ ಚೆಂಡು ತಿರುಗುವ ನೆಲದಲ್ಲಿ ರನ್‌ಗಿಂತ ಕೈ ಮುಖ್ಯ.

ಏಕದಿನದಲ್ಲಿ ತಕ್ಕಡಿ ಇನ್ನೊಂದು ಕಡೆ ವಾಲಿದೆ. 2003ರ ವಿಶ್ವಕಪ್‌ನಲ್ಲಿ ಏಳು ಬ್ಯಾಟ್ಸ್‌ಮನ್‌ಗಳಿಗೆ ಜಾಗ ಮಾಡಲು ರಾಹುಲ್ ದ್ರಾವಿಡ್ ಗ್ಲೌಸ್ ತೊಟ್ಟರು; 11 ಪಂದ್ಯ, 16 ಬಲಿ. 2023ರಲ್ಲಿ ಕೆ.ಎಲ್. ರಾಹುಲ್ ಅಷ್ಟೇ ಪಂದ್ಯಗಳಲ್ಲಿ 17 ಪಡೆದು, ಆಗ ಕೋಚ್ ಆಗಿದ್ದ ದ್ರಾವಿಡ್ ದಾಖಲೆಯನ್ನು ಅವರ ಕಣ್ಣೆದುರೇ ದಾಟಿದರು. ಈ ಒಂದು ಬಲಿಯ ಅಂತರಕ್ಕೆ ನಾನು ಬೆಲೆ ಕಟ್ಟುವುದಿಲ್ಲ. ಬೂಮ್ರಾ, ಶಮಿ, ಸಿರಾಜ್ ಮೂವರೂ ಉರಿಯುತ್ತಿದ್ದ ಟೂರ್ನಿ ಅದು, ಬ್ಯಾಟಿನ ಅಂಚುಗಳಿಗೆ ಬರವಿರಲಿಲ್ಲ. ಪುಣೆಯಲ್ಲಿ ಬಾಂಗ್ಲಾದ ಮೆಹದಿ ಹಸನ್ ಮಿರಾಜ್ ಅವರನ್ನು ಲೆಗ್ ಬದಿಗೆ ಹಾರಿ ಒಂದೇ ಕೈಯಲ್ಲಿ ಹಿಡಿದದ್ದು ಜನಕ್ಕೆ ಸೇರಿತು. ಆದರೆ ಬ್ಯಾಟ್ಸ್‌ಮನ್ ಬದಲಿ ಕೀಪರ್ ಎಂಬ ಹಣೆಪಟ್ಟಿಯನ್ನು ರಾಹುಲ್ ಕಳಚಿದ್ದು ಕುಲದೀಪ್, ಜಡೇಜಗೆ ಸ್ಟಂಪಿನ ಹಿಂದೆ ಕೂತು, ಬ್ಯಾಟ್ ದಾಟಿ ಬಂದ ಚೆಂಡನ್ನು ಸದ್ದಿಲ್ಲದೆ ಎತ್ತಿಕೊಂಡಾಗ, ಔಟ್ ಮನವಿ ರಿವ್ಯೂಗೆ ಹೋಗಬೇಕೇ ಬೇಡವೇ ಎಂದು ನಾಯಕನಿಗೆ ಕ್ಷಣದಲ್ಲಿ ಹೇಳಬೇಕಾಗಿ ಬಂದಾಗ. ಆ ಟೂರ್ನಿಗೆ ಸಂದ ಹೊಗಳಿಕೆ ಅವರಿಗೆ ಸರಿಯಾಗಿಯೇ ಸಂದಿದೆ. ಕಿರ್ಮಾನಿ ಪಕ್ಕದಲ್ಲಿ ನಿಲ್ಲಿಸುವುದಾದರೆ, ತಿರುಗುವ ಪಿಚ್‌ನಲ್ಲಿ ಐದು ದಿನ ಕೀಪಿಂಗ್ ಮಾಡಿದ ಟೆಸ್ಟ್‌ಗಳನ್ನು ಮೊದಲು ಮುಂದಿಡಬೇಕು.